ಕೊಬ್ಬರಿ ಪಾಠಕ್ಕೆ ಕೊಟ್ಟ ದನಿ

ಪಾಠ ಹೇಳುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಕಂಡದ್ದನ್ನೆಲ್ಲ ವಿವರಿಸಿಬಿಡಬೇಕು. ನನಗೆ ಆ ಚಾಳಿ ಸ್ವಲ್ಪ ಹೆಚ್ಚೇ ಇದೆ. ಅದರಿಂದ ಮಾಡಿದ ಅನಾಹುತವನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ತುರುವೇಕೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ದಿನಾ ತಿಪಟೂರಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ದೊಡ್ಡ ಟಿವಿ ಕೊಡಿಸಿದ ಮೇಲೆ ಆರನೇ ತರಗತಿಗೆ ಸಮಾಜ ವಿಜ್ಞಾನವನ್ನು ವಿಡಿಯೊಗಳಲ್ಲೇ ತೋರಿಸತೊಡಗಿದೆ. ಬಂದರು, ಉಕ್ಕಿನ ಕಾರ್ಖಾನೆ, ಚಹಾ ತೋಟ. ಮಕ್ಕಳು ಜಾಹೀರಾತು ನೋಡಿದ ಹಾಗೆ ನೋಡಿ ಎದ್ದುಹೋಗುತ್ತಿದ್ದರು. ಬೇಸತ್ತು, ಕಸುಬುಗಳ ಪಾಠಕ್ಕೆ ಊರಿನ ಕೆಲಸಗಳನ್ನೇ ನನ್ನ ಫೋನಿನಲ್ಲಿ ಹಿಡಿದು ತೋರಿಸೋಣ ಎಂದುಕೊಂಡೆ.

ಕೊಬ್ಬರಿ ಕೆಲಸಕ್ಕೆ ನನ್ನ ತರಗತಿಯ ಒಬ್ಬ ಹುಡುಗಿಯ ಅಮ್ಮನನ್ನು ಕೇಳಿದೆ. ಅವರು ಊರವರ ಮನೆಗಳಿಗೆ ಕೊಬ್ಬರಿ ಒಡೆಯಲು ಹೋಗುತ್ತಿದ್ದವರು. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಬತ್ತುವವರೆಗೆ ತಿಂಗಳುಗಟ್ಟಲೆ ಬಿಡುತ್ತಾರೆ. ಆಮೇಲೆ ಸುಲಿದು, ಒಳಗಿನ ಕೊಬ್ಬರಿ ಉಂಡೆಗೆ ಏಟು ಬೀಳದಂತೆ ಚಿಪ್ಪನ್ನಷ್ಟೇ ಒಡೆದು ತೆಗೆಯಬೇಕು. ಆಕೆಯ ಕೈಯಲ್ಲಿ ಮಚ್ಚು ನಾಲ್ಕು ಸಲ ಆಡುವಷ್ಟರಲ್ಲಿ ಚಿಪ್ಪು ಕಳಚಿ ಬೀಳುತ್ತಿತ್ತು.

"ಕಿವಿತಾವ ಇಟ್ಕಂಡು ಅಲ್ಲಾಡ್ಸಿ ನೋಡ್ರಿ ಮಿಸ್ಸು," ಎಂದು ಕಾಯೊಂದನ್ನು ಎತ್ತಿ ತೋರಿಸಿದರು. "ಒಳಗೆ ಗುಂಡು ಆಡ್ತು ಅಂದ್ರೆ ಕೊಬ್ರಿ ಆಗೈತೆ ಅಂತ. ಆಡ್ನಿಲ್ಲ ಅಂದ್ರೆ ಇನ್ನೂ ಕಾಯ್ಬೇಕು, ಅಷ್ಟೇ ಕಣ್ರೀ." ಹೇಳುತ್ತ ಹೇಳುತ್ತ ಮಗಳ ಕಡೆ ತಿರುಗಿದರು. "ಬಾರೇ ಮಗಾ ಇಲ್ಲಿ. ಮಿಸ್ಸು ನಿಂತೇ ಅವ್ರೆ, ಕುಂತ್ಕಳಕ್ಕೆ ಒಂದು ಚೀಲ ಹಾಕು."

ವಿಡಿಯೊವನ್ನು ಅಲ್ಲೇ ಇಬ್ಬರಿಗೂ ತೋರಿಸಿದೆ. ಆಕೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಥೂ, ನನ್ ದನಿ ಹಿಂಗೈತಾ? ಅಳಿಸ್ಬುಡಿ ಮಿಸ್ಸು," ಎಂದರು. ನಾಚಿಕೆಗೆ ಆಡಿದ ಆ ಮಾತನ್ನು ಆಮೇಲೆ ನನ್ನ ಸಮರ್ಥನೆಗೆ ಎಳೆದುಕೊಳ್ಳಲು ನೋಡಿದ್ದೇನೆ. ಅದು ಸಾಗಲಿಲ್ಲ.

ಆ ತಿಂಗಳು ಸುತ್ತಲಿನ ಶಾಲೆಗಳ ಶಿಕ್ಷಕರ ಮುಂದೆ ನಾನು ಮಾದರಿ ಪಾಠ ಮಾಡಬೇಕಿತ್ತು. ವಿಡಿಯೊ ಮತ್ತೆ ಹಾಕಿ ಕೇಳಿದೆ. ಮಚ್ಚಿನ ಸದ್ದು, ಕೋಳಿಯ ಸದ್ದು, 'ಐತೆ', 'ಕಣ್ರೀ', ನಡುವೆ ಮಗಳನ್ನು ಕರೆಯುವುದು. ಇದನ್ನು ಅವರ ಮುಂದೆ ಹೇಗೆ ಹಾಕುವುದು ಅನ್ನಿಸಿತು. ನಮ್ಮಮ್ಮನೂ ಹೀಗೇ ಮಾತಾಡುತ್ತಿದ್ದವರು. ನಾನೂ ಟ್ರೈನಿಂಗಿಗೆ ಸೇರಿದ ಹೊಸದರಲ್ಲಿ 'ಐತೆ' ಎಂದು ಇಡೀ ತರಗತಿಯ ನಗೆಗೆ ಗುರಿಯಾದವಳು. ಆ ಉರಿ ಇನ್ನೂ ಆರಿರಲಿಲ್ಲ ಎಂದು ಕಾಣುತ್ತದೆ. ಭಾನುವಾರ ಕೂತು ಆಕೆಯ ದನಿಯನ್ನು ತೆಗೆದುಹಾಕಿ, ನನ್ನ ದನಿ ಸೇರಿಸಿದೆ. 'ತೆಂಗಿನಕಾಯಿಯನ್ನು ಅಟ್ಟದ ಮೇಲೆ ಸಂಗ್ರಹಿಸಲಾಗುತ್ತದೆ. ತದನಂತರ ಚಿಪ್ಪನ್ನು ಬೇರ್ಪಡಿಸಲಾಗುತ್ತದೆ.' ಫೋನಿನಲ್ಲಿ ಜಾಗ ಸಾಲದೆ ಮೊದಲಿನದನ್ನು ಅಳಿಸಿಬಿಟ್ಟೆ. ಒಂದು ಕ್ಷಣವೂ ಯೋಚಿಸಲಿಲ್ಲ.

ಮಾದರಿ ಪಾಠಕ್ಕೆ ಬಂದವರೆಲ್ಲ ಹೊಗಳಿದರು. ಭಾಷೆ ಎಷ್ಟು ಶುದ್ಧವಾಗಿದೆ ಮೇಡಂ, ಎಂದು ಒಬ್ಬ ಅಧಿಕಾರಿ ಅಂದಾಗ ನಾನು ಉಬ್ಬಿಹೋದೆ. ನಮ್ಮ ಮಕ್ಕಳಿಗೂ ಅದನ್ನೇ ತೋರಿಸಿದೆ. ಅವರೂ ಕುಣಿದಾಡಿದರು. ಆ ಹುಡುಗಿ ಮಾತ್ರ, "ಅಮ್ಮನ ದನಿ ಯಾಕೆ ಬರಲ್ಲ ಮಿಸ್?" ಎಂದಳು. "ಎಲ್ಲರಿಗೂ ಸರಿಯಾಗಿ ಅರ್ಥ ಆಗಲಿ ಅಂತ," ಎಂದೆ. ಅರ್ಥವಾಗದೆ ಇರುವುದಕ್ಕೆ ಆಕೆ ಹೇಳಿದ್ದರಲ್ಲಿ ಏನಿತ್ತು?

ದಸರಾ ರಜೆಯಲ್ಲಿ ಹುಡುಗಿಯ ಅಮ್ಮನಿಗೆ ಜ್ವರ ಬಂತು. ತಿಪಟೂರಿನ ಆಸ್ಪತ್ರೆಯಿಂದ ತುಮಕೂರಿಗೆ ಕರೆದುಕೊಂಡು ಹೋದ ಮೂರನೇ ದಿನ ಹೋಗಿಬಿಟ್ಟರು. ತಿಥಿ ಮುಗಿದ ಮೇಲೆ ಹುಡುಗಿ ಶಾಲೆಗೆ ಬಂದಳು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಊಟದ ಗಂಟೆ ಹೊಡೆದ ಮೇಲೆ ನನ್ನ ಮೇಜಿನ ಹತ್ತಿರ ನಿಂತಳು.

"ಮಿಸ್, ಮೊದಲಿಂದು ಹಾಕ್ತೀರಾ? ಅಮ್ಮಾನೇ ಮಾತಾಡೋದು."

ಹುಡುಕುತ್ತೀನಮ್ಮ, ಎಂದೆ.

"ಮನೇಲಿ ಫೋಟೊ ಐತೆ ಮಿಸ್," ಎಂದಳು. "ಮಾತಾಡಿರದು ಎಲ್ಲೂ ಇಲ್ಲ. ಅಪ್ಪಂದೂ ಅಮ್ಮಂದೂ ಬಟನ್ ಫೋನು."

ಅವತ್ತು ಬಸ್ಸಿಳಿದವಳೇ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿ ಆಗಲಿಲ್ಲ ಎಂದು ಇನ್ನೊಂದಕ್ಕೆ ಹೋದೆ. ಅಂಗಡಿಯಾತ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದ. "ಬರಲ್ಲ ಮೇಡಂ. ಇಂಪಾರ್ಟೆಂಟಾ?" ಎಂದು ಕೇಳಿದ. ನನಗೆ ಅಲ್ಲೇ ಅಳು ಬಂತು. ಸ್ಟೂಲಿನ ಮೇಲೆ ಕೂತು ಅತ್ತೆ. ಪಾಪ, ಆತ ನೀರು ತಂದುಕೊಟ್ಟ.

ಸತ್ಯ ಹೇಳಲು ಬಾಯಿ ಬರಲಿಲ್ಲ. ನಾಳೆ, ನಾಡಿದ್ದು ಎಂದು ಒಂದು ವಾರ ದೂಡಿದೆ. ದಿನಾ ಊಟವಾದ ಮೇಲೆ ತಟ್ಟೆ ತೊಳೆದಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕೇಳುತ್ತಿರಲಿಲ್ಲ, ಬರೀ ನಿಲ್ಲುತ್ತಿದ್ದಳು. ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ಅದನ್ನ ನಾನು ಅಳಿಸಿಬಿಟ್ಟೆ ಮಗಳೇ. ತಪ್ಪು ಮಾಡಿಬಿಟ್ಟೆ." ಅವಳು ಅಳಲಿಲ್ಲ. ಇರೋದನ್ನೇ ಹಾಕಿ, ಎಂದಳು.

ಹಾಕಿದೆ. ಟಿವಿಯಲ್ಲಿ ಅವಳ ಅಮ್ಮ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ನಾನು ಸಂಗ್ರಹಿಸುವುದನ್ನು ವಿವರಿಸಿದೆ. ಆಕೆ ಪಕ್ಕಕ್ಕೆ ತಿರುಗಿ ಬಾಯಿ ತೆರೆದರು. ನಾನು ಚಿಪ್ಪು ಬೇರ್ಪಡಿಸುವುದನ್ನು ವಿವರಿಸಿದೆ. ನನ್ನ ದನಿಯನ್ನು ನಾನು ಅಷ್ಟು ದ್ವೇಷಿಸಿದ್ದಿಲ್ಲ.

"ಅಮ್ಮ ನನ್ನ ಕರಿಯೋವಾಗ್ಲೂ ನೀವೇ ಮಾತಾಡ್ತಾ ಇದೀರಲ್ಲ ಮಿಸ್," ಎಂದಳು. ಕೋಪದಿಂದ ಹೇಳಲಿಲ್ಲ.

ರಿಮೋಟ್ ಕೇಳಿದಳು. ಕೊಟ್ಟೆ. ದನಿಯನ್ನು ಸೊನ್ನೆಗೆ ಇಳಿಸಿ, ಮೊದಲಿನಿಂದ ಹಾಕಿಕೊಂಡು ನೋಡತೊಡಗಿದಳು.