ಕಡಲ ದಂಡೆಯಲ್ಲಿ ಮೆಣಸಿನಕಾಯಿ ಘಾಟು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಮ್ಮ ಕನ್ನಡದವರು ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ನಲ್ಲಿ ಊಟ ಮುಗಿದ ಮೇಲೆ ಯಾರಾದರೂ ಒಬ್ಬರು ಶುರು ಮಾಡೋರು, "ನಮ್ಮ ಸೋದರಮಾವನಿಗೆ ಒಂದ್ಸಲ ಏನಾಯ್ತು ಗೊತ್ತಾ" ಅಂತ. ಉಳಿದವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ನಾನು ಪಾತ್ರೆ ಎತ್ತಿಡೋಕೆ ಎದ್ದು ಹೋಗುತ್ತಿದ್ದೆ. ನಾನು ಓದಿದ್ದು ಫಾರ್ಮಸಿ, ಕೆಲಸ ಮಾಡುವುದು ಪರ್ತ್ ಊರಿನ ಮೋರ್ಲಿ ಬಡಾವಣೆಯ ಒಂದು ಔಷಧಿ ಅಂಗಡಿಯಲ್ಲಿ. ಯಾವುದಕ್ಕೂ ಒಂದು ಕಾರಣ ಇರಬೇಕು, ಆ ಕಾರಣಕ್ಕೆ ಒಂದು ಹೆಸರಿರಬೇಕು ಅನ್ನುವ ಪೈಕಿ ನಾನು. ಅಂಥ ನನಗೇ ಹೀಗಾಯಿತಲ್ಲ ಅನ್ನೋದೇ ತಮಾಷೆ. ಅದೂ ಅಮಾವಾಸ್ಯೆ ರಾತ್ರಿಯಲ್ಲಲ್ಲ. ಮುಖಕ್ಕೆ ಸನ್‌ಸ್ಕ್ರೀನ್ ಮೆತ್ತಿಕೊಂಡು, ತಲೆಗೆ ಟೋಪಿ ಹಾಕಿಕೊಂಡು, ಹಾಡಹಗಲಿನಲ್ಲಿ.

ಅದು 2016ರ ಸುಮಾರು. ಅಮ್ಮ ಮೈಸೂರಿನಿಂದ ಪರ್ತ್‌ಗೆ ನಮ್ಮ ಮನೆಗೆ ಬಂದಿದ್ದಳು. ಅದಕ್ಕೆ ಒಂದು ವರ್ಷದ ಹಿಂದೆ ಅವಳಿಗೆ ಜೋರು ವೈರಲ್ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಅವಳ ವಾಸನೆ ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. ಮೈಸೂರಿನ ಡಾಕ್ಟರು, ಇಲ್ಲಿನ ಡಾಕ್ಟರು ಎಲ್ಲರದೂ ಒಂದೇ ಮಾತು: ನರಕ್ಕೆ ಪೆಟ್ಟಾಗಿದೆ, ಸರಿಹೋದರೂ ಹೋಗಬಹುದು, ಹೋಗದೆಯೂ ಇರಬಹುದು. ಇದನ್ನು ಹೇಳೋಕೆ ಫೀಸು ಬೇರೆ.

ನಿಮಗೆ ನಮ್ಮಮ್ಮನ ಸಾರು ಗೊತ್ತಿಲ್ಲ, ಪಾಪ. ಸರಸ್ವತಿಪುರದ ನಮ್ಮ ಬೀದಿಯಲ್ಲಿ ಯಾರಿಗೆ ಬಾಯಿ ಕೆಟ್ಟರೂ ಒಂದು ಲೋಟ ನಮ್ಮ ಮನೆಗೆ ಬರುತ್ತಿತ್ತು. ಅಂಥವಳು ಒಂದು ಸತ್ಯನಾರಾಯಣ ಪೂಜೆಯ ದಿನ ಗೊತ್ತಾಗದೆ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ತಿಂದವರು ಮುಖ ಒಂಥರಾ ಮಾಡಿಕೊಂಡರು. ಆಮೇಲೆ ಅಮ್ಮ ಸೌಟು ಮುಟ್ಟಲಿಲ್ಲ. ನಮ್ಮ ಮನೆಗೆ ಬಂದ ಮೇಲೂ ಅಷ್ಟೆ. ಸೋಫಾದ ಮೇಲೆ ಕೂತಿರೋಳು. ತಟ್ಟೆಗೆ ಹಾಕಿದ್ದನ್ನು ಮಾತ್ರೆ ನುಂಗೋ ಹಾಗೆ ನುಂಗಿ ಏಳೋಳು. "ಒದ್ದೆ ಹತ್ತಿ ಅಗಿದಂಗೆ ಆಗತ್ತೆ ಕಣೇ" ಅನ್ನೋಳು. ರವಿಕೆಗಳೆಲ್ಲ ಸಡಿಲ. ವಾಪಸ್ ಹೋಗೋಕೆ ಎರಡೇ ವಾರ ಉಳಿದಿತ್ತು. ಇವಳನ್ನು ಹೀಗೇ ಕಳಿಸಿಬಿಟ್ಟರೆ ಮತ್ತೆ ನೋಡುತ್ತೇನೋ ಇಲ್ಲವೋ ಅಂತ ನನಗೆ ಒಳಗೊಳಗೇ ಹೆದರಿಕೆ. ರಾತ್ರಿ ಸುಧೀರನ ಮುಂದೆ ಅತ್ತಿದ್ದೂ ಉಂಟು.

ಸುಧೀರ ನನ್ನ ಗಂಡ. ಅವನದೇ ಐಡಿಯಾ ಈ ವಾಕ್. ಫ್ರೀಮ್ಯಾಂಟಲ್‌ನಿಂದ ದಕ್ಷಿಣಕ್ಕೆ ಕಡಲ ದಂಡೆಯಲ್ಲಿ ಒಬ್ಬ ನೂಂಗಾರ್ ಹೆಂಗಸು, ಅಂದರೆ ಈ ನೆಲದ ಮೂಲನಿವಾಸಿಗಳವರು, ಜನರನ್ನು ನಡೆಸಿಕೊಂಡು ಹೋಗಿ ಅಲ್ಲಿನ ಗಿಡ, ಹಣ್ಣು, ಸೊಪ್ಪು ತೋರಿಸಿ ತಿನ್ನಿಸುತ್ತಾರಂತೆ. ನನಗೆ ರೇಗಿಹೋಯಿತು. "ರುಚಿನೇ ಇಲ್ಲದವಳನ್ನ ಕರ್ಕೊಂಡು ಹೋಗಿ ತಿನ್ನಿಸ್ತೀಯಾ? ಗಾಯದ ಮೇಲೆ ಬರೆ ಎಳೆದ ಹಾಗೆ!" ಅಂದೆ. ಸೋಫಾದಿಂದ ಅಮ್ಮನೇ, "ನಡೆಯೋದು ತಾನೆ, ಬರ್ತೀನಿ ಬಿಡೇ" ಅಂದಳು. ಸುಧೀರ ಮೊದಲೇ ಫೋನ್ ಮಾಡಿ ಎಲ್ಲ ವೆಜ್ಜಾ ಅಂತ ವಿಚಾರಿಸಿಕೊಂಡ. ಆ ಕಡೆಯಿಂದ ಜೋರು ನಗು ಕೇಳಿಸಿತಂತೆ. ಗಿಡದಲ್ಲಿ ಬೆಳೆಯೋದೆಲ್ಲ ವೆಜ್ಜೇ ಅಂದರಂತೆ.

ಆ ಹೆಂಗಸಿಗೆ ಅರವತ್ತರ ಆಸುಪಾಸು. ಬರಿಗಾಲು, ಗಟ್ಟಿ ಗಂಟಲು. ಗಿಡದ ಮೇಲೆ ಯಾರಾದರೂ ಕಾಲಿಟ್ಟರೆ "ಓಯ್" ಅಂತ ಕೂಗೋರು. "ನನ್ನನ್ನ ಆಂಟಿ ಅನ್ನಿ, ಎಲ್ರೂ ಹಾಗೇ ಕರೆಯೋದು" ಅಂದರು. ಅಮ್ಮನಿಗೆ ಅದು ಬಹಳ ಹಿಡಿಸಿತು. "ನೋಡೇ, ಇವರಲ್ಲೂ ದೊಡ್ಡೋರನ್ನ ಆಂಟಿ ಅಂತಾನೇ ಕರೆಯೋದು, ನಮ್ಮ ಹಾಗೇನೇ!" ತಾನು ಅವರಿಗಿಂತ ಏಳೆಂಟು ವರ್ಷ ದೊಡ್ಡವಳು ಅನ್ನೋದನ್ನ ಮರೆತು ದಿನವಿಡೀ ಆಂಟಿ ಆಂಟಿ ಅಂದಳು. ನಮ್ಮ ಜೊತೆ ಅಡಿಲೇಡ್‌ನಿಂದ ಬಂದ ಒಂದು ಜೋಡಿ, ಬ್ರಿಸ್ಬೇನ್‌ನ ಮೂವರು ಕಾಲೇಜು ಹುಡುಗಿಯರು ಇದ್ದರು. ಊಟ ಆದ ಮೇಲಿನ ಹೊತ್ತು, ಇಲ್ಲಿಯವರ ಮಾತಲ್ಲಿ ಆರ್ವೋ. ಗಾಳಿ ಕಡಲ ಕಡೆಯಿಂದ ತಿರುಗಿ ತಣ್ಣಗೆ ಬೀಸೋಕೆ ಶುರುವಾಗಿತ್ತು.

ನಡಿಗೆಗೆ ಮುಂಚೆ ಒಂದು ಪದ್ಧತಿ. ಹಿಡಿ ಮರಳು ತೆಗೆದುಕೊಂಡು, ನಮ್ಮ ಬೆವರು ಅದಕ್ಕೆ ಹತ್ತುವ ಹಾಗೆ ಅಂಗೈಯಲ್ಲಿ ಉಜ್ಜಿ, ನೀರಿಗೆ ಹಾಕಬೇಕು. ಹಾಕುವಾಗ ಈ ಜಾಗದ ಹಿರಿಯರಿಗೆ ನಾವು ಯಾರು, ಎಲ್ಲಿಂದ ಬಂದೆವು ಅಂತ ಹೇಳಬೇಕು. ಅವರು ಹೋಗಿಬಿಟ್ಟಿದ್ದರೂ ಇಲ್ಲೇ ಇದ್ದಾರೆ, ಪರಿಚಯ ಹೇಳದೆ ಮನೆಯೊಳಗೆ ನುಗ್ಗಬಾರದಲ್ಲ ಅಂದರು ಆಂಟಿ. ಅಡಿಲೇಡಿನವರು ಹೆಸರು ಹೇಳಿ ಮರಳು ಎಸೆದರು. ನಾನೂ ಸುಧೀರನೂ ಅಷ್ಟೇ ಮಾಡಿದೆವು. ಅಮ್ಮನಿಗೆ, "ನಿಮ್ಮ ಭಾಷೆಯಲ್ಲೇ ಹೇಳಿ, ಅವರಿಗೆ ಅರ್ಥ ಆಗತ್ತೆ" ಅಂದರು ಆಂಟಿ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಶುರುವಾಯಿತು ನೋಡಿ. ಹುಟ್ಟಿದ ಗೋತ್ರ, ಕೊಟ್ಟ ಗೋತ್ರ, ಗಂಡನ ಹೆಸರು, ಮೈಸೂರಿನ ಮನೆ ಯಾವ ದೇವಸ್ಥಾನದ ಹಿಂದೆ ಅನ್ನೋದು, ಎಲ್ಲ ಸಂಕಲ್ಪ ಹೇಳಿದ ಹಾಗೆ ಹೇಳಿದಳು. ಆಮೇಲೆ ಕೈಮುಗಿದು, "ನನ್ನ ನಾಲಿಗೆ ಸತ್ತುಹೋಗಿದೆ. ವಾಪಸ್ ಕೊಡಿಸಿ. ಕೊಡಿಸಿದ್ರೆ ಇಲ್ಲೇ ಬಂದು ನನ್ನ ಕೈಯಾರೆ ಪುಡಿ ಹುರಿದು, ಸಾರು ಮಾಡಿ ಬಡಿಸ್ತೀನಿ" ಅಂದಳು.

"ಅಮ್ಮಾ! ಹೆಸರು ಹೇಳು ಅಂದ್ರೆ ಹರಕೆ ಹೊತ್ತುಬಿಟ್ಯಲ್ಲೇ! ಇದೇನು ಚಾಮುಂಡಿಬೆಟ್ಟನಾ?"

"ಹಿರಿಯರು ಅಂದ್ರಲ್ಲ. ಹಿರಿಯರ ಎದುರಿಗೆ ನಿಂತು ಬರೀ ಹೆಸರು ಹೇಳಿ ಬರೋಕಾಗತ್ತಾ?"

ನನಗೆ ನಾಚಿಕೆಯಾಗಿ ನೆಲ ಬಿರಿಯಬಾರದಾ ಅನ್ನಿಸಿತು. ಇನ್ನೊಬ್ಬರ ಪೂರ್ವಜರಿಗೆ ಹರಕೆ ಹೊರೋದು ಯಾವ ಮರ್ಯಾದೆ? ಇಷ್ಟುದ್ದ ಏನು ಹೇಳಿದರು ಅಂತ ಆಂಟಿ ಕೇಳಿದಾಗ ತಡವರಿಸುತ್ತಾ ಎಲ್ಲ ಹೇಳಿದೆ. ಅವರು ನಗಲಿಲ್ಲ. ಅಮ್ಮನ ಕಡೆ ತಿರುಗಿ, "ಆ ಸೂಪು ಖಾರ ಇರತ್ತಾ?" ಅಂತ ಕೇಳಿದರು.

ನಡೆದೆವು. ಆಂಟಿ ಒಂದು ಮರದ ಎಲೆ ಹೊಸಕಿ ಎಲ್ಲರ ಕೈಗೆ ಕೊಟ್ಟರು. ಪುದೀನದ ಹಾಗೆ ಘಮ್ಮೆಂದಿತು. ಹುಡುಗಿಯರು "ವಾವ್" ಅಂದರು. ಅಮ್ಮ ಮೂಗಿಗೆ ಹಿಡಿದು, "ಹ್ಞೂಂ, ಚೆನ್ನಾಗಿದೆ" ಅಂತ ಸುಳ್ಳು ಹೇಳಿ ವಾಪಸ್ ಕೊಟ್ಟಳು. ಅವಳ ಮುಖ ನೋಡಲಾರದೆ ನಾನು ಕಡಲ ಕಡೆ ತಿರುಗಿದೆ.

ಬಂಡೆಗಳು ನೀರಿಗೆ ಚಾಚಿಕೊಂಡಿರುವ ಒಂದು ತಿರುವು ಬಂತು. ಅಲ್ಲಿಗೆ ಕಾಲಿಟ್ಟಿದ್ದೇ ತಡ, ನನ್ನ ಗಂಟಲು ಹಿಡಿದುಕೊಂಡಿತು. ಕೆಮ್ಮು ಅಂದರೆ ಅಂಥಿಂಥ ಕೆಮ್ಮಲ್ಲ, ಕಣ್ಣಲ್ಲಿ ನೀರು. ಪಕ್ಕದಲ್ಲಿ ಅಮ್ಮನೂ ಖೊಕ್ ಖೊಕ್. ಆ ಘಾಟು ನನಗೆ ಗೊತ್ತು. ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ಬರುವುದು, ಸ್ಕೂಲಿಂದ ಬಂದರೆ ಗೇಟಿನ ಹತ್ತಿರವೇ ನಮ್ಮನ್ನು ಹಿಡಿದು ನಿಲ್ಲಿಸುತ್ತಿದ್ದುದು. ಹಿಂದಿನಿಂದ ಕೊತ್ತಂಬರಿ ಬೀಜ, ಕರಿಬೇವು. ಸುತ್ತ ನೋಡಿದೆ. ಮನೆಯಿಲ್ಲ, ಮಠವಿಲ್ಲ, ಹೊಗೆಯಿಲ್ಲ. ಗಾಳಿ ಬರುತ್ತಿದ್ದುದು ಕಡಲಿನಿಂದ, ಎದುರಿಗೆ ಆಫ್ರಿಕಾದ ತನಕ ಬರೀ ನೀರು. ಉಳಿದವರೆಲ್ಲ ಆರಾಮಾಗಿ ನಿಂತು, ಇವರಿಬ್ಬರಿಗೆ ಏನಾಯಿತಪ್ಪಾ ಅಂತ ನಮ್ಮನ್ನೇ ನೋಡುತ್ತಿದ್ದರು.

ಅಮ್ಮ ಬಾಯಿ ತೆರೆದಳು. ತಕ್ಷಣ ನಾನು ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. ನನ್ನ ಬುದ್ಧಿ ಎಲ್ಲಿ ಹೋಗತ್ತೆ, ಪರೀಕ್ಷೆ ಆಗಲೇಬೇಕು. "ಏನೂ ಹೇಳಬೇಡ. ಸುಧೀರನ ಕಿವಿಯಲ್ಲಿ ಮಾತ್ರ ಹೇಳು" ಅಂದೆ. ನಾನು ಆಂಟಿಯ ಕಿವಿಯಲ್ಲಿ ನನಗೆ ಬಂದ ವಾಸನೆ ಏನು ಅಂತ ಹೇಳಿದೆ. ಸುಧೀರನ ಮುಖ ಬಿಳಿಚಿಕೊಂಡಿತು. "ಅತ್ತೆ ಹೇಳ್ತಿದಾರೆ, ಯಾರೋ ಮೆಣಸಿನಕಾಯಿ ಹುರೀತಿದಾರಂತೆ. ಬ್ಯಾಡಗಿನೇ ಅಂತೆ, ಗುಂಟೂರು ಅಲ್ವಂತೆ. ನನಗೇನೂ ಬರ್ತಿಲ್ವಲ್ಲ ಕಣೇ!" ಅವನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಆಂಟಿ ಅಮ್ಮನಿಗೆ, "ನಿಮ್ಮ ಹುಡುಗಿ ಹೇಳಿದ್ದೂ ಅದೇ" ಅಂದರು.

ಅಷ್ಟರಲ್ಲಿ ಘಾಟು ಹೋಗಿಬಿಟ್ಟಿತ್ತು. ಬಂದ ಹಾಗೇ ಹೋಯಿತು. ಅಮ್ಮ ಮಾತ್ರ ನಿಂತಲ್ಲೇ ಗಾಳಿಯನ್ನು ಎಳೆದೆಳೆದು ಮೂಸುತ್ತಿದ್ದಳು. "ಉಪ್ಪು ನೀರಿನ ವಾಸನೆ ಕಣೇ. ಪಾಚಿ ವಾಸನೆ. ನಿನ್ನ ಕ್ರೀಮಿನ ದರಿದ್ರ ವಾಸನೆ!" ಆಂಟಿ ಮರಳಿನ ಮೇಲೆ ಹಬ್ಬಿದ್ದ ದಪ್ಪ ಎಲೆಯ, ಗುಲಾಬಿ ಹೂವಿನ ಬಳ್ಳಿಯಿಂದ ಒಂದು ಕೆಂಪು ಹಣ್ಣು ಕಿತ್ತು, ಹಿಚುಕಿ ಅಮ್ಮನ ಕೈಗೆ ಕೊಟ್ಟರು. ಪಿಗ್‌ಫೇಸ್ ಅನ್ನುತ್ತಾರೆ ಅದಕ್ಕೆ. ಅಮ್ಮ ನಾಲಿಗೆಗಿಟ್ಟು ಕಣ್ಣು ಮುಚ್ಚಿದಳು. "ಮೊದಲು ಉಪ್ಪು. ಆಮೇಲೆ ಸಿಹಿ. ಅಂಜೂರದ ಹಾಗಿದೆ. ಅಯ್ಯೋ ದೇವರೇ, ಸಿಹಿ ಇದೆ ಕಣೇ!" ಅಂತ ಅಲ್ಲೇ ಬಂಡೆಯ ಮೇಲೆ ಕೂತು ಅತ್ತಳು, ಅಳುತ್ತಲೇ ಇನ್ನೊಂದು ಹಣ್ಣಿಗೆ ಕೈ ಚಾಚಿದಳು. ಬ್ರಿಸ್ಬೇನ್ ಹುಡುಗಿಯರು ವಿಷಯ ಏನಂತ ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದರು. ನಾನು ಅವತ್ತು ಸಂತೋಷಪಟ್ಟಷ್ಟು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ, ಸುಧೀರ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅವತ್ತು ಸಂಜೆಯೇ ಅಮ್ಮ ನನ್ನನ್ನು ಅಡುಗೆಮನೆಯಿಂದ ಓಡಿಸಿದಳು. ಡಬ್ಬಿ ತೆಗೆದು ಮೂಸಿ, "ಇದು ಸಾರಿನ ಪುಡಿನಾ, ಮರದ ಹೊಟ್ಟಾ? ಇಷ್ಟು ದಿನ ಇದನ್ನೇ ತಿನ್ನಿಸಿದ್ಯಾ ಆ ಹುಡುಗನಿಗೆ?" ಅಂತ ಬೈದಳು. ಬೈಸಿಕೊಂಡು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಊರಿಗೆ ಹೊರಡುವ ಮುಂಚಿನ ಶನಿವಾರ ಹರಕೆ ತೀರಿಸಲು ಹೋದೆವು. ಆ ತಿರುವಿಗೆ ಸ್ವಲ್ಪ ದೂರದಲ್ಲಿ ಒಂದು ಪಾರ್ಕು, ಅಲ್ಲಿ ಯಾರು ಬೇಕಾದರೂ ಉಪಯೋಗಿಸುವ ಬಾರ್ಬಿ, ಅಂದರೆ ಬಾರ್ಬೆಕ್ಯೂ ಒಲೆ. ಅದರ ಮೇಲೆ ಏನೇನು ಸುಟ್ಟಿದ್ದರೋ ಅಂತ ಅಮ್ಮ ಮೂರು ಸಲ ತೊಳೆದು, ಫಾಯಿಲ್ ಹಾಸಿ, ಆಮೇಲೆ ಬಾಣಲೆ ಇಟ್ಟಳು. ಮೆಣಸಿನಕಾಯಿ ಹುರಿದಳು ನೋಡಿ, ಇಡೀ ಪಾರ್ಕು ಕೆಮ್ಮಿತು. ನಾಯಿ ಕರೆದುಕೊಂಡು ಬಂದಿದ್ದವರು ದಿಕ್ಕು ಬದಲಿಸಿದರು. ಸುಧೀರ ಕೆಮ್ಮಿದ. ಆಂಟಿ ಕಣ್ಣು ಒರೆಸಿಕೊಂಡು ನಗುತ್ತಾ ಎರಡು ಲೋಟ ಸಾರು ಕುಡಿದರು. ಅಮ್ಮ ಮೊದಲ ಸೌಟನ್ನು ಹಿರಿಯರಿಗೆ ಅಂತ ಬೇರೆ ಇಟ್ಟಿದ್ದಳು, ಅದನ್ನು ಎಲ್ಲಿ ಇಡಬಹುದು ಅಂತ ಆಂಟಿಯೇ ತೋರಿಸಿದರು.

"ಅವತ್ತು ನಮಗೆ ಬಂದಿದ್ದು ಇವತ್ತಿನ ಘಾಟೇ ಕಣೇ. ಮುಂಚೇನೇ ಹಿರಿಯರಿಗೆ ತಲುಪಿತ್ತು" ಅಂದಳು ಅಮ್ಮ. ಇನ್ನೂ ಹುರಿಯದ ಮೆಣಸಿನಕಾಯಿ ಘಾಟು ಬರುತ್ತದೆಯೇ ಅಂತ ನಾನು ವಾದಕ್ಕೆ ನಿಂತೆ. ಆಂಟಿಯನ್ನು ಕೇಳಿದೆ. "ನನ್ನನ್ನೇನು ಕೇಳ್ತೀಯಾ? ಮಾತಾಡಿದ್ದು ನಿಮ್ಮಮ್ಮ" ಅಂದು ಲೋಟ ಮುಂದೆ ಚಾಚಿದರು, ಇನ್ನೊಂದು ಸ್ವಲ್ಪ ಹಾಕು ಅಂತ.

ಡಾಕ್ಟರನ್ನೂ ಕೇಳಿದೆ. ನರ ಚೇತರಿಸಿಕೊಳ್ಳುವಾಗ ಇಲ್ಲದ ವಾಸನೆ ಇದ್ದ ಹಾಗೆ ಅನ್ನಿಸುವುದುಂಟು ಅಂದರು. ಅದಕ್ಕೊಂದು ಹೆಸರೂ ಇದೆ. ಸಮಾಧಾನವಾಯಿತು. ಅಮ್ಮನ ಲೆಕ್ಕ ಅಲ್ಲಿಗೆ ಸರಿಹೋಯಿತು ಅಂದುಕೊಂಡು ಬಾಗಿಲವರೆಗೆ ಬಂದವಳು, ಹಿಡಿಯ ಮೇಲೆ ಕೈಯಿಟ್ಟು ಅಲ್ಲೇ ನಿಂತುಬಿಟ್ಟೆ. ಹುಷಾರಿಲ್ಲದೇ ಇದ್ದದ್ದು ಅಮ್ಮನಿಗೆ. ನನ್ನ ಮೂಗಿಗೆ ಏನಾಗಿತ್ತು?