ಮಿರ್ಜಾನ್ ಕೋಟೆಗೋಡೆಯ ತೂತುಗಳು

ನಾನು ಶಾಲೆಗೆ ಸೇರುವ ಮೊದಲೇ ಅಪ್ಪ ತೀರಿಕೊಂಡರು. ಅವರ ಮುಖ ನನಗೆ ಫೋಟೋದಿಂದ ಗೊತ್ತು. ನನ್ನದೇ ಎನ್ನಬಹುದಾದ ನೆನಪು ಒಂದೇ: ಕರಾವಳಿಯ ಮಿರ್ಜಾನ್ ಕೋಟೆಯಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾರೆ. ನನ್ನ ಬೆರಳು ಹಿಡಿದು ಕೆಂಪು ಗೋಡೆಯ ತೂತೊಂದಕ್ಕೆ ತೂರಿಸಿ, ಇದು ಗುಂಡು ಬಿದ್ದ ಗುರುತು ಎನ್ನುತ್ತಾರೆ.

ಚನ್ನಗಿರಿಯ ನಮಗೆ ಕೋಟೆಯೆಂದರೆ ಊರ ಗುಡ್ಡದ ಮೇಲಿನ ಗಟ್ಟಿ ಕಲ್ಲಿನದು. ಕರಾವಳಿಯ ಜಂಬಿಟ್ಟಿಗೆ ಕಲ್ಲಿನಲ್ಲಿ ಹುಟ್ಟಿನಿಂದಲೇ ತೂತುಗಳಿರುತ್ತವೆ ಎಂದು ನನಗೆ ತಿಳಿದದ್ದು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ. ಗುಂಡು ಸುಳ್ಳಾಯಿತು. ಬೆರಳು ಹಿಡಿದ ಕೈ ಮಾತ್ರ ಉಳಿಯಿತು.

ಕಳೆದ ಚಳಿಗಾಲದಲ್ಲಿ ನ್ಯಾಮತಿಯ ಅಕ್ಕನನ್ನು ಕರೆದುಕೊಂಡು ಮತ್ತೆ ಅಲ್ಲಿಗೆ ಹೋದೆ. ಅಂದು ಜೊತೆಗಿದ್ದ ಅಮ್ಮ, ಸೋದರಮಾವ ಎಲ್ಲ ತೀರಿಕೊಂಡು ಈಗ ಉಳಿದಿರುವುದು ಅವಳೊಬ್ಬಳೇ. ಕಂದಕ, ಜೋಡಿ ಗೋಡೆ, ದುಂಡನೆಯ ಬುರುಜುಗಳು, ಮೆಟ್ಟಿಲಿಳಿದು ಹೋಗುವ ಬಾವಿ. ಮೆಣಸಿನ ವ್ಯಾಪಾರ ಕಾಯಲು ರಾಣಿಯೊಬ್ಬಳು ಕಟ್ಟಿಸಿದ್ದೆಂದು ಕೆಲವರು, ಅದಕ್ಕೂ ಹಳೆಯದೆಂದು ಕೆಲವರು. ನನ್ನ ನೆನಪಿನಲ್ಲಿ ಬುರುಜಿನ ಕೆಳಗೇ ಸಮುದ್ರವಿತ್ತು. ಹತ್ತಿ ನೋಡಿದರೆ ಸಮುದ್ರ ಕಾಣಲೇ ಇಲ್ಲ. ಅದು ಹೊಳೆಯಾಚೆ ಎಲ್ಲೋ ದೂರದಲ್ಲಿತ್ತು. ಆಗ ನನ್ನ ನೆನಪಿನ ಮೇಲೇ ಅನುಮಾನ ಬಂತು.

"ಅಕ್ಕ, ಅಪ್ಪ ನನ್ನ ಹೊತ್ಕಂಡು ನಿಂತಿದ್ದು ಯಾವ ಗ್ವಾಡೆ ಹತ್ರ?"

"ಅಪ್ಪ ಎಲ್ಲಿ ಬಂದಿದ್ರೋ? ಮೆಕ್ಕೆಜೋಳ ಬಿಡಿಸೋದೈತೆ ಅಂತ ಊರಾಗೇ ಉಳಕಂಡ್ರು. ನಿನ್ನ ಹೊತ್ತಿದ್ದು ಮಾವ. 'ಇದು ಕೂಸಲ್ಲ, ಜೋಳದ ಚೀಲ' ಅಂತ ಬೈಕಂತಾ ಹೊತ್ತಿದ್ರು!"

ಅವಳು ನಕ್ಕಳು. ಅಲ್ಲಿಗೇ ಬಿಡಬೇಕಿತ್ತು. ಖಾತ್ರಿಯಾ, ಅಮ್ಮ ಎಲ್ಲಿ ನಿಂತಿದ್ದಳು, ಮಾವನ ಮೈಮೇಲೆ ಯಾವ ಬಟ್ಟೆಯಿತ್ತು ಎಂದು ಬಸ್ ಹತ್ತಿದ ಮೇಲೂ ಕೇಳುತ್ತಲೇ ಇದ್ದೆ. ಶಿರಸಿ ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು.

"ಯಾಕೋ, ಪೊಲೀಸ್ನೋರ ಹಂಗೆ ಕೇಳ್ತಿದೀಯ?"

"ಅಪ್ಪಂದು ಅಂತ ನನ್ನತ್ರ ಇದ್ದಿದ್ದು ಅದೊಂದೇ, ಅಕ್ಕ."

ಅವಳು ನನ್ನ ಕೈ ಹಿಡಿದುಕೊಂಡಳು.

"ತಡಿ, ಅಪ್ಪಾನೂ ಬಂದಿದ್ರು ಕಣೋ. ಈಗ ನೆನಪಾತು. ಬಿಳಿ ಅಂಗಿ ಹಾಕಿದ್ರು. ನಿನ್ನ ಎತ್ಕಂಡಿದ್ದು ಅವರೇ."

ಫೋಟೋದಲ್ಲಿ ಅಪ್ಪ ಹಾಕಿರುವುದೂ ಬಿಳಿ ಅಂಗಿಯೇ. ನಾನು ಹೂಂ ಎಂದೆ.

ಈಗ ನಾನು ನ್ಯಾಮತಿಗೆ ಹೋದಾಗಲೆಲ್ಲ ಅಕ್ಕ ಮೊಮ್ಮಕ್ಕಳನ್ನು ಕೂರಿಸಿಕೊಂಡು ಇದನ್ನೇ ಹೇಳುತ್ತಾಳೆ. ಪ್ರತಿ ಸಲವೂ ಏನಾದರೊಂದು ಸೇರಿರುತ್ತದೆ. ಅವಳೇ ನಂಬಿಬಿಟ್ಟಿದ್ದಾಳೆ ಅನ್ನಿಸುತ್ತದೆ. ಮೊದಲು ಹೇಳಿದ್ದು ನಿಜವೋ, ಆಮೇಲಿನದೋ, ಇನ್ನು ಯಾರನ್ನು ಕೇಳಲಿ? ಇದ್ದ ಒಬ್ಬಳೇ ಸಾಕ್ಷಿಯನ್ನು ಕೇಳಿ ಕೇಳಿ ನಾನೇ ಕೆಡಿಸಿದೆ. ಅಷ್ಟೇ ಆಗಿದ್ದರೆ ನನ್ನ ನಷ್ಟವೆಂದು ಸುಮ್ಮನಿರಬಹುದಿತ್ತು. ಆದರೆ ಮಾವನಿಗೆ ಅವರನ್ನು ನೆನೆಯಲು ಮಕ್ಕಳಿರಲಿಲ್ಲ. ಆ ಬಿಸಿಲಿನಲ್ಲಿ ಬೈದುಕೊಂಡು ನನ್ನನ್ನು ಹೊತ್ತವರು ಅವರೇ ಆಗಿದ್ದರೆ, ಅದನ್ನು ಹೇಳುವವರು ಈಗ ಯಾರೂ ಉಳಿದಿಲ್ಲ.