ಡಿಸೆಂಬರ್ ಐದು, ಮೇ ಹನ್ನೆರಡು

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ಬಸವನ ಬಾಗೇವಾಡಿಯ ಒಂದು ಖಾಸಗಿ ಗುತ್ತಿಗೆ ಕಚೇರಿಯಲ್ಲಿ ಆಗ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ನಾಲ್ಕು ತಾಲೂಕುಗಳ ಶಾಲಾ ಕ್ರೀಡಾಪಟುಗಳನ್ನು ಒಂದೇ ಪಟ್ಟಿಗೆ ಸೇರಿಸಿ, ವಯಸ್ಸು ಮೀರಿದವರನ್ನು ಬೇರ್ಪಡಿಸಬೇಕಿತ್ತು. ಇಂಡಿಯಿಂದ ಹುಟ್ಟಿದ ದಿನಾಂಕದ ಬದಲು ಐದಂಕಿಯ ಸಂಖ್ಯೆಗಳು ಬಂದಿದ್ದವು. ಅದು ಸಾವಿರದ ಒಂಬೈನೂರನೇ ಇಸವಿಯಿಂದ ಎಣಿಸಿದ ದಿನಗಳ ಲೆಕ್ಕವೆಂದು ತಿಳಿಯಲು ಅರ್ಧ ದಿನ ಹಿಡಿಯಿತು. ಮುದ್ದೇಬಿಹಾಳದವರು ದಿನ, ತಿಂಗಳು, ವರ್ಷದ ನಡುವೆ ಚುಕ್ಕಿ ಇಟ್ಟು ಬರೆದಿದ್ದರು. ಸಿಂದಗಿಯ ಪಟ್ಟಿ ಚೊಕ್ಕವಾಗಿತ್ತು: ಮೊದಲು ದಿನ, ಆಮೇಲೆ ತಿಂಗಳು. ಆದರೆ ಯಂತ್ರಕ್ಕೆ ಅದು ಬರೀ ಅಕ್ಷರ. ಇದನ್ನು ದಿನಾಂಕ ಮಾಡು ಎಂದು ಕ್ವೆರಿಯಲ್ಲಿ, ಅಂದರೆ ಯಂತ್ರಕ್ಕೆ ಕೊಡುವ ಆದೇಶದಲ್ಲಿ, ಬರೆದರೆ, ಅದು ತನ್ನ ರೂಢಿಯಂತೆ ತಿಂಗಳನ್ನೇ ಮೊದಲು ಓದುತ್ತಿತ್ತು. ಹದಿಮೂರನೆಯ ತಿಂಗಳು ಇಲ್ಲವಲ್ಲ, ಅಂಥಲ್ಲಿ ಜಾಗ ಖಾಲಿ ಬಿಡುತ್ತಿತ್ತು. ಹನ್ನೆರಡರೊಳಗಿನದನ್ನು ಅದಲುಬದಲು ಮಾಡಿ ಸುಮ್ಮನೆ ಮುಂದೆ ಹೋಗುತ್ತಿತ್ತು.

"ಸರ್, ಖಾಲಿ ಬಿದ್ದದ್ದು ಕಣ್ಣಿಗೆ ಕಾಣ್ತೈತ್ರಿ, ತಪ್ಪು ಓದಿದ್ದು ಕಾಣಂಗಿಲ್ರಿ. ಯಾವ ತಾಲೂಕಿಗೆ ಯಾವ ನಮೂನಿ ಅಂತ ಬರದು ಮತ್ತ ಓಡಸ್ತೇನಿ. ಒಂದ್ ದಿನ ಕೊಡ್ರಿ," ಎಂದು ಮೇಲ್ವಿಚಾರಕನನ್ನು ಕೇಳಿದೆ.

ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಖಾಲಿ ಇದ್ದದ್ದನ್ನ ಕೈಲೆ ತುಂಬಿ ಇವತ್ತ ಕಳಿಸು. ನಿನ್ನ ಶಾಣ್ಯಾತನ ಯಾರ್ ಕೇಳ್ಯಾರ?"

ನಾನು ತುಂಬಿದೆ. ಕಳಿಸಿದೆ.

ಕೆಲವು ದಿನಗಳ ಮೇಲೆ ಸಿಂದಗಿ ತಾಲೂಕಿನ ಯಂಕಂಚಿಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ಸೈಕಲ್ ಸ್ಪರ್ಧೆಗೆ ಎರಡು ವರ್ಷದಿಂದ ತಯಾರಿ ನಡೆಸಿದ್ದಳಂತೆ. ವಯಸ್ಸು ಮೀರಿದೆಯೆಂದು ಆಯ್ಕೆಯ ದಿನ ಸ್ಪರ್ಧೆ ಶುರುವಾಗುವ ಗೆರೆಯಿಂದಲೇ ವಾಪಸ್ ಕಳಿಸಿದ್ದರು. ತಾಯಿ ಜನನ ಪ್ರಮಾಣಪತ್ರವನ್ನು ಮೇಜಿಗೆ ಬಡಿದಳು.

"ಡಿಸೆಂಬರ್ ಐದಕ್ಕ ಹಡದೇನಿ ನಾ! ಮೇ ಹನ್ನೆರಡಕ್ಕ ಏನ್ ನಿಮ್ಮ ಕಂಪ್ಯೂಟರ್ ಹಡದೈತೇನು?"

ಮೇಲ್ವಿಚಾರಕ ನನ್ನತ್ತ ಬೆರಳು ಮಾಡಿದ. "ಈಕಿ ಮಾಡಿದ್ದು. ಈಕಿನ್ನ ಕೇಳ್ರಿ."

ಮೈ ಉರಿದುಹೋಯಿತು. ಪರದೆಯನ್ನು ಆಕೆಯ ಕಡೆ ತಿರುಗಿಸಿ, ಸಿಂದಗಿಯಿಂದ ಬಂದದ್ದನ್ನೂ ನಾವು ಕಳಿಸಿದ್ದನ್ನೂ ಅಕ್ಕಪಕ್ಕ ತೋರಿಸಿದೆ: 05-12 ಎಂದಿದ್ದದ್ದು ಮೇ ಹನ್ನೆರಡಾಗಿ, ಹುಡುಗಿ ಏಳು ತಿಂಗಳು ದೊಡ್ಡವಳಾಗಿದ್ದಳು. "ತಪ್ಪು ಐತಿ ಅಂತ ಇವರಿಗೆ ಅವತ್ತ ಹೇಳಿದ್ದೆ. ಇವರು ಬ್ಯಾಡ ಅಂದ್ರು," ಎಂದೆ.

"ಅಂದ್ರ ಗೊತ್ತಿದ್ದೂ ಕಳಿಸೀದಿ?"

ಪರದೆಯನ್ನು ಮತ್ತೆ ನನ್ನ ಕಡೆ ತಿರುಗಿಸಿಕೊಂಡೆ.

ಅಲ್ಲೇ ಕೂತು ದಿನ-ತಿಂಗಳ ಕ್ರಮವನ್ನು ಕ್ವೆರಿಯಲ್ಲಿ ಬರೆದು ಮತ್ತೆ ಓಡಿಸಿದೆ. ಆಕೆಯ ಮಗಳೊಬ್ಬಳೇ ಅಲ್ಲ, ಇನ್ನೂ ಹಲವರು ಪಟ್ಟಿಗೆ ಮರಳಿದರು. ತಪ್ಪು ಹೇಗಾಯಿತೆಂದು ಬರೆದು, ಮೇಲ್ವಿಚಾರಕನನ್ನು ಕೇಳದೆ ಮೇಲಿನವರಿಗೆ ಕಳಿಸಿದೆ. ಪಟ್ಟಿ ತಿದ್ದಿದರು. ಆದರೆ ಆಯ್ಕೆಯನ್ನು ಮತ್ತೆ ನಡೆಸಲಿಲ್ಲ. ಆ ತಿಂಗಳೇ ನನ್ನನ್ನು ಕೆಲಸದಿಂದ ತೆಗೆದರು. ಅವನು ಅದೇ ಕುರ್ಚಿಯಲ್ಲಿ ಉಳಿದ.

ಹೋದ ವರ್ಷ ಸಿಂದಗಿ ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕೂತಿದ್ದ ಆ ಹುಡುಗಿ ಕಂಡಳು.

"ಸೈಕಲ್ ಹೊಡಿತೀ ಏನವಾ ಇನ್ನೂ?" ಎಂದೆ.

"ಹೊಡಿತೇನ್ರಿ," ಎಂದಳು. ಗುರುತು ಹತ್ತಿದ್ದು ಮುಖದ ಮೇಲೆ ಕಂಡಿತು. ಪಕ್ಕದಲ್ಲಿ ನನಗೆ ಜಾಗವಿದ್ದರೂ ತಾನೇ ಎದ್ದು, ದೂರದ ಕಟ್ಟೆಗೆ ಹೋಗಿ ಕೂತಳು.